ಮಕ್ಕಳಿಗೆ ಆತ್ಮಕಥೆ: ಯಾವುದು, ಯಾವ ವಯಸ್ಸಿಗೆ, ಯಾವ ಭಾಷೆಯಲ್ಲಿ?

ಮುಂಬಯಿಯ ಕನ್ನಡ ಮನೆಯಲ್ಲಿ ಬೆಳೆಯುವ ಹನ್ನೆರಡು ವರ್ಷದ ಹುಡುಗಿಗೆ ಸಾಮಾನ್ಯವಾಗಿ ಮೂರು ಲಿಪಿಗಳ ಪರಿಚಯವಿರುತ್ತದೆ. ಶಾಲೆಯ ಪಾಠ ಇಂಗ್ಲಿಷಿನಲ್ಲಿ, ಜೊತೆಗೆ ಮರಾಠಿ. ಕನ್ನಡ ಮಾತಿಗೆ ಸಲೀಸು, ಓದಿಗೆ ನಿಧಾನ. ಪುಣೆಯಲ್ಲೂ ಹೀಗೇ. ಗೋವೆಯ ವಾಸ್ಕೋ, ಮಡಗಾಂವ್ ಕಡೆ ಕೊಂಕಣಿಯೂ ಸೇರಿಕೊಳ್ಳುತ್ತದೆ. ಇಂಥ ಮಗುವಿಗೆ ನಿಜವಾದ ಬದುಕಿನ ಒಂದು ಒಳ್ಳೆಯ ಪುಸ್ತಕ ಕೊಡಿಸೋಣ ಎಂದು ಹೊರಟವರು ಹೆಸರು ನೋಡಿ ಕೊಳ್ಳುತ್ತಾರೆ: ಗಾಂಧೀಜಿ, ಕಲಾಂ, ವಿವೇಕಾನಂದ. ಯಾರ ಬದುಕು ಎಂದು ಕೇಳುವ ಮೊದಲು ಅದನ್ನು ಹೇಳುತ್ತಿರುವವರು ಯಾರು ಎಂದು ಕೇಳಿಕೊಂಡರೆ ಅರ್ಧ ಆಯ್ಕೆ ಅಲ್ಲೇ ಆಗಿಬಿಡುತ್ತದೆ.

ಶೀರ್ಷಿಕೆ ಪುಟ ಓದುವುದು

ಪುಸ್ತಕದಂಗಡಿಯ "ಜೀವನಚರಿತ್ರೆ" ಕಪಾಟಿನಲ್ಲಿ ನಾಲ್ಕು ಬಗೆಯ ಪುಸ್ತಕಗಳು ಬೆರೆತುಕೊಂಡಿರುತ್ತವೆ. ಬದುಕಿದವರೇ ಬರೆದುಕೊಂಡ ಆತ್ಮಕಥೆ ಒಂದು. ಅವರು ಹೇಳುತ್ತಾ ಹೋಗಿ ಇನ್ನೊಬ್ಬರು ಬರೆದುಕೊಂಡದ್ದು ಇನ್ನೊಂದು. ಬೇರೆಯವರು ದಾಖಲೆ ಓದಿ, ಕೇಳಿ ತಿಳಿದು ಬರೆದ ಜೀವನಚರಿತ್ರೆ ಮೂರನೆಯದು. ತನ್ನದೇ ಬಾಲ್ಯವನ್ನು ಹೆಸರು ಬದಲಿಸಿ ಕಾದಂಬರಿಯಾಗಿಸಿದ್ದು ನಾಲ್ಕನೆಯದು. ಮುಖಪುಟದ ಚಿತ್ರ ಎಲ್ಲದಕ್ಕೂ ಒಂದೇ ತರಹ ಇರುತ್ತದೆ. ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ನೋಡಿ. "ನಿರೂಪಣೆ" ಎಂದಿದ್ದರೆ ಬರೆದ ಕೈ ಬೇರೆಯವರದು. "ಸಂಗ್ರಹ" ಎಂದಿದ್ದರೆ ಮೂಲವನ್ನು ಕಿರಿದು ಮಾಡಿದ್ದಾರೆ. ಏನನ್ನು ಬಿಟ್ಟೆವೆಂದು ಮುನ್ನುಡಿಯಲ್ಲಿ ಹೇಳಿರಬೇಕು, ಹೇಳದಿದ್ದರೆ ಆ ಪುಸ್ತಕ ಬೇಡ. "ರೂಪಾಂತರ", "ಭಾವಾನುವಾದ" ಎಂದಿದ್ದರೆ ಅನುವಾದಕರು ಮೂಲದ ಸಾಲುಗಳಿಗೆ ಕಟ್ಟುಬಿದ್ದಿಲ್ಲ ಎಂದು ತಿಳಿಯಬೇಕು. ಇವು ಯಾವುವೂ ಇಲ್ಲದೆ ಬರೀ ಸಂಪಾದಕರ ಹೆಸರಿದ್ದು, ಮೂಲ ಯಾವ ಭಾಷೆಯದೆಂದೂ ಹೇಳಿರದಿದ್ದರೆ ಅದು ನಾಲ್ಕು ಕಡೆಯಿಂದ ಹೆಕ್ಕಿ ಹೊಲಿದ ಪುಸ್ತಕವಾಗಿರುವ ಸಂಭವ ಹೆಚ್ಚು.

ಹತ್ತು ವರ್ಷ ದಾಟಿದ ಮಗುವಿಗೆ, ಸಿಗುವುದಾದರೆ, ತಾನೇ ಹೇಳಿಕೊಂಡ ಬದುಕನ್ನೇ ಮೊದಲು ಕೊಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮಕ್ಕಳಿಗಾಗಿ ಬರೆದ ಜೀವನಚರಿತ್ರೆಗಳಲ್ಲಿ ಹೆಚ್ಚಿನವು ಕೊನೆಯಿಂದ ಶುರುವಾಗುತ್ತವೆ. ಆ ವ್ಯಕ್ತಿ ದೊಡ್ಡವರಾದರೆಂದು ಬರೆಯುವವರಿಗೆ ಗೊತ್ತು, ಹಾಗಾಗಿ ತೊಟ್ಟಿಲಲ್ಲೇ ದೊಡ್ಡತನ ಕಾಣಿಸುತ್ತದೆ. ತನ್ನ ಕಥೆ ತಾನು ಹೇಳುವವರು ಹೆದರಿದ್ದು, ಕದ್ದದ್ದು, ಸುಳ್ಳು ಹೇಳಿದ್ದು, ಲೆಕ್ಕ ಬರದೆ ಅತ್ತದ್ದನ್ನೆಲ್ಲ ನೆನೆಯುತ್ತಾರೆ. ಓದುವ ಮಗು ತನ್ನನ್ನು ಕಂಡುಕೊಳ್ಳುವುದು ಅಲ್ಲಿ.

ಗಾಂಧೀಜಿಯ ಶಾಲೆಗೆ ಜೈಲ್ಸ್ ಎಂಬ ಇನ್‌ಸ್ಪೆಕ್ಟರ್ ಬಂದ ಪ್ರಸಂಗವನ್ನೇ ನೋಡಿ. ಐದು ಇಂಗ್ಲಿಷ್ ಪದ ಬರೆಸಿದಾಗ "ಕೆಟಲ್" ಪದದ ಕಾಗುಣಿತ ತಪ್ಪಾಯಿತು. ಪಕ್ಕದವನ ಸ್ಲೇಟು ನೋಡಿ ಬರೆ ಎಂದು ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡಿದರೂ ಹುಡುಗ ನೋಡಲಿಲ್ಲ. ಮಕ್ಕಳ ಜೀವನಚರಿತ್ರೆಗಳಲ್ಲಿ ಇದು ಪ್ರಾಮಾಣಿಕತೆಯ ಪಾಠವಾಗಿ ಮುಗಿಯುತ್ತದೆ. ಆತ್ಮಕಥೆಯಲ್ಲಿ ಗಾಂಧೀಜಿ ಹೇಳುವುದು ಬೇರೆ: ನಕಲು ಮಾಡದಂತೆ ಕಾಯಲು ನಿಂತ ಮೇಷ್ಟ್ರೇ ನಕಲು ಮಾಡು ಅನ್ನುತ್ತಾರೆಂದು ಅವರಿಗೆ ಹೊಳೆಯಲೇ ಇಲ್ಲ, ಉಳಿದ ಹುಡುಗರೆಲ್ಲ ಸರಿಯಾಗಿ ಬರೆದು ತಾನೊಬ್ಬನೇ ದಡ್ಡನಾದೆ ಎನಿಸಿತು. ತರಗತಿಯಲ್ಲಿ ಎಂದಾದರೂ ಒಬ್ಬಂಟಿಯಾಗಿ ತಪ್ಪು ಉತ್ತರ ಕೊಟ್ಟ ಮಗುವಿಗೆ ಈ ಎರಡನೆಯ ಗಾಂಧಿ ಹತ್ತಿರದವರು.

ಹತ್ತು ವರ್ಷದೊಳಗಿನವರಿಗೆ

ಈ ವಯಸ್ಸಿಗೆ ಆತ್ಮಕಥೆ ಭಾರವಾಗುತ್ತದೆ. ಚಿತ್ರಕಥೆ, ಕಿರುಪುಸ್ತಕಗಳೇ ಸರಿ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥಾ ಮಾಲೆಯಲ್ಲಿ ನಿಜ ವ್ಯಕ್ತಿಗಳ ಸಂಚಿಕೆಗಳು ಸಾಕಷ್ಟಿವೆ. ಓದಿಸುವಾಗ ಒಂದು ವಿಷಯ ಮಗುವಿಗೆ ಹೇಳಿ: ಗುಳ್ಳೆಯೊಳಗಿನ ಮಾತುಗಳನ್ನು ಕಥೆ ಬರೆದವರು ಕಟ್ಟಿದ್ದಾರೆ, ಆ ವ್ಯಕ್ತಿ ಅದೇ ಮಾತನ್ನೇ ಆಡಿದ್ದರೆಂದು ಅರ್ಥವಲ್ಲ. ಎಂಟು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ, ಮುಂದಿನ ಓದಿಗೆಲ್ಲ ಒದಗುತ್ತದೆ.

ಕನ್ನಡದಲ್ಲಿ ಸುಲಭವಾಗಿ ಸಿಗುವುದು ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ಐನೂರಕ್ಕೂ ಹೆಚ್ಚು ಕಿರುಪುಸ್ತಕಗಳಿವೆ. ಒಂದೇ ಸಲ ಕೂತು ಮುಗಿಸಬಹುದು. ವಾಕ್ಯಗಳು ಚಿಕ್ಕವು, ಕನ್ನಡ ಶುದ್ಧ. ಭಾಷಣ ಸ್ಪರ್ಧೆಗೆ, ಸಂಘದ ಮಕ್ಕಳ ಕಾರ್ಯಕ್ರಮಕ್ಕೆ ಇದಕ್ಕಿಂತ ಅನುಕೂಲದ್ದು ಬೇರೆ ಇಲ್ಲ. ಆದರೆ ಇವು ಗೌರವದಿಂದ ಬರೆದ ಜೀವನಚರಿತ್ರೆಗಳು. ಓದಿನ ರುಚಿ ಹತ್ತಿಸುವ ಕೆಲಸವನ್ನು ಇವುಗಳ ಮೇಲೆ ಹೇರಬಾರದು.

ಕಾಸಿಲ್ಲದೆ ಶುರುಮಾಡುವುದಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳಿವೆ. ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಈಗಷ್ಟೇ ಕಾಗುಣಿತ ಮುಗಿಸಿದ ಮಗುವಿಗೆ ವಯಸ್ಸು ಎಷ್ಟೇ ಇರಲಿ ಎರಡನೆಯ ಹಂತ ಸಾಕು. ಮುದ್ರಿಸಿ ಹಂಚುವುದಕ್ಕೂ ಅನುಮತಿ ಇದೆ, ಭಾನುವಾರದ ಕನ್ನಡ ತರಗತಿ ನಡೆಸುವವರು ಬಳಸಿಕೊಳ್ಳಬಹುದು.

ಇಪ್ಪತ್ತು ಮೂವತ್ತು ಪುಟದ ದೊಡ್ಡ ಪುಸ್ತಕ

ಹನ್ನೊಂದು ಹನ್ನೆರಡರ ಮಗುವಿಗೆ ಮೊದಲ ಆತ್ಮಕಥನವಾಗಿ ಯಾವುದನ್ನು ಕೊಡಬೇಕೆಂದು ಕೇಳಿದರೆ ನಮ್ಮ ಉತ್ತರ ಅಂಬೇಡ್ಕರರ "ವೇಟಿಂಗ್ ಫಾರ್ ಎ ವೀಸಾ". ಪೂರ್ತಿ ಆತ್ಮಕಥೆಯಲ್ಲ, ಕೆಲವು ಪ್ರಸಂಗಗಳ ಟಿಪ್ಪಣಿ. 1990ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಿರುಹೊತ್ತಗೆಯಾಗಿ ತಂದಿತು. ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಬರಹ-ಭಾಷಣಗಳ 12ನೆಯ ಸಂಪುಟದಲ್ಲೂ ಇದೆ. ಇಂಗ್ಲಿಷ್ ಬಹಳ ಸರಳ, ಏಳನೆಯ ತರಗತಿಯ ಮಗು ಓದಬಲ್ಲದು.

ಮೊದಲ ಪ್ರಸಂಗ 1901ರದ್ದು. ಒಂಬತ್ತು ವರ್ಷದ ಭೀಮರಾವ್ ಮನೆಯ ಇತರ ಹುಡುಗರ ಜೊತೆ ಸಾತಾರಾದಿಂದ ರೈಲು ಹತ್ತಿ, ಕೋರೆಗಾಂವ್‌ನಲ್ಲಿ ಕ್ಯಾಷಿಯರ್ ಆಗಿದ್ದ ತಂದೆಯನ್ನು ನೋಡಲು ಹೊರಡುತ್ತಾನೆ. ಹೊಸ ಬಟ್ಟೆ, ಮೊದಲ ರೈಲು ಪ್ರಯಾಣದ ಸಡಗರ. ಮಸೂರ್ ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಅಲ್ಲಿಯವರೆಗೆ ಮಾತನಾಡಿಸುತ್ತಿದ್ದ ಸ್ಟೇಷನ್ ಮಾಸ್ತರರು ಮಕ್ಕಳು ಮಹಾರರು, ಅಂದರೆ ಆಗ ಅಸ್ಪೃಶ್ಯರೆನ್ನುತ್ತಿದ್ದ ಜಾತಿಯವರು ಎಂದು ತಿಳಿದೊಡನೆ ದೂರ ಸರಿಯುತ್ತಾರೆ. ಎರಡು ಪಟ್ಟು ಬಾಡಿಗೆ ಕೊಟ್ಟ ಮೇಲೆ ಒಬ್ಬ ಗಾಡಿಯವನು ಒಪ್ಪುತ್ತಾನೆ, ಅದೂ ಮಕ್ಕಳೇ ಎತ್ತು ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂಬ ಷರತ್ತಿನ ಮೇಲೆ. ಬುತ್ತಿಯಲ್ಲಿ ಊಟವಿದೆ, ಕುಡಿಯಲು ನೀರು ಕೊಡುವವರಿಲ್ಲ. ರಾತ್ರಿಯಿಡೀ ಹಸಿದೇ ಇರುತ್ತಾರೆ.

ಮಕ್ಕಳಿಗೆ ಇದು ತಟ್ಟುವುದು ಕಥೆ ಮಗುವಿನ ಕಣ್ಣಿನಿಂದ ಹೋಗುವುದರಿಂದ. ಜಾತಿಯ ಬಗ್ಗೆ ಉಪನ್ಯಾಸವಿಲ್ಲ. ನೀರು ಸಿಗುವುದಿಲ್ಲ, ಅಷ್ಟೇ. ಪುಣೆಯಿಂದ ಮೀರಜ್ ಮಾರ್ಗವಾಗಿ ಬೆಳಗಾವಿಗೆ ಹೋಗುವ ರೈಲು ಈಗಲೂ ಮಸೂರ್ ದಾಟಿಯೇ ಹೋಗುತ್ತದೆ. ಊರಿಗೆ ಹೋಗುವಾಗ ಸಾತಾರಾ ಕಳೆದ ಮೇಲೆ, ಕರಾಡ್ ಬರುವ ಮೊದಲು, ಕಿಟಕಿಯ ಹೊರಗಿನ ಹಳದಿ ಫಲಕ ನೋಡು ಎಂದು ಮಗುವಿಗೆ ಹೇಳಬಹುದು.

ಎರಡು ಎಚ್ಚರಿಕೆ. ಒಂದು, ನೀವು ಮೊದಲು ಓದಿ. ಮಗು "ನಾವು ಯಾವ ಜಾತಿ" ಎಂದು ಕೇಳೇ ಕೇಳುತ್ತದೆ, "ನಮ್ಮ ಊರಲ್ಲೂ ಹೀಗಿತ್ತಾ" ಎಂದೂ ಕೇಳುತ್ತದೆ. ಆಗ ಮಾತು ತಪ್ಪಿಸಿದರೆ ಪುಸ್ತಕ ಕೊಟ್ಟದ್ದೇ ವ್ಯರ್ಥ. ಇನ್ನೊಂದು, ಹನ್ನೆರಡರೊಳಗಿನವರಿಗೆ ಮೊದಲ ಪ್ರಸಂಗವಷ್ಟೇ ಸಾಕು. ಬರೋಡಾದ ಪಾರ್ಸಿ ವಸತಿಗೃಹ, ದೌಲತಾಬಾದ್ ಕೋಟೆಯ ನೀರಿನ ತೊಟ್ಟಿಯ ಪ್ರಸಂಗಗಳು ಹದಿಮೂರರ ನಂತರ ಚೆನ್ನಾಗಿ ಅರ್ಥವಾಗುತ್ತವೆ.

ಗಾಂಧೀಜಿಯ ಆತ್ಮಕಥೆ: ಪೂರ್ತಿಯೋ ಒಂದು ಭಾಗವೋ

ಉಡುಗೊರೆಯಾಗಿ ಅತಿ ಹೆಚ್ಚು ಕೊಡುವ, ಅತಿ ಕಡಿಮೆ ಓದಿ ಮುಗಿಸುವ ಪುಸ್ತಕ ಇದೇ ಇರಬೇಕು. ಐದು ಭಾಗಗಳಿವೆ. ಮಕ್ಕಳು ನಿಲ್ಲುವುದು ಎರಡು, ಮೂರನೆಯ ಭಾಗದಲ್ಲಿ: ದಕ್ಷಿಣ ಆಫ್ರಿಕಾದ ಕಾನೂನು, ಆಹಾರದ ಪ್ರಯೋಗ, ಬ್ರಹ್ಮಚರ್ಯದ ಚರ್ಚೆ. ಪರಿಹಾರ ಸುಲಭ, ಮೊದಲ ಭಾಗ ಮಾತ್ರ ಓದಿಸಿ. ಹುಟ್ಟಿನಿಂದ 1891ರಲ್ಲಿ ಬ್ಯಾರಿಸ್ಟರ್ ಆಗುವವರೆಗಿನ ಕಥೆ ಅದರಲ್ಲೇ ಇದೆ. ಅಣ್ಣನ ಬಂಗಾರದ ಕಡಗದಿಂದ ಚೂರು ಕದ್ದು ತಂದೆಗೆ ಚೀಟಿ ಬರೆದುಕೊಟ್ಟದ್ದು, ಕದ್ದು ಮಾಂಸ ತಿಂದದ್ದು, ಲಂಡನ್ನಿನ ಸೂಟು ಬೂಟು ಎಲ್ಲವೂ ಅಲ್ಲೇ. 1925ರಿಂದ 1929ರವರೆಗೆ ನವಜೀವನ ಪತ್ರಿಕೆಯಲ್ಲಿ ವಾರವಾರ ಬಂದ ಬರಹವಾದ್ದರಿಂದ ಅಧ್ಯಾಯಗಳು ಮೂರು ನಾಲ್ಕು ಪುಟ ಮೀರುವುದಿಲ್ಲ. ರಾತ್ರಿ ಊಟದ ನಂತರ ಗಟ್ಟಿಯಾಗಿ ಓದಿದರೆ ಹತ್ತು ನಿಮಿಷಕ್ಕೆ ಒಂದು ಅಧ್ಯಾಯ.

ಮೊದಲ ಭಾಗದಲ್ಲೂ ತಂದೆಯ ಸಾವಿನ ಅಧ್ಯಾಯವನ್ನು ದೊಡ್ಡವರು ಮುಂಚೆಯೇ ಓದಿಕೊಂಡಿರಬೇಕು. ಬಾಲ್ಯವಿವಾಹ, ದೇಹದ ಆಸೆ, ಅಪರಾಧಭಾವ ಮೂರೂ ಅಲ್ಲಿ ಒಟ್ಟಿಗೆ ಬರುತ್ತವೆ. ಹದಿನಾಲ್ಕರ ಮಗುವಿನ ಜೊತೆ ಮಾತಾಡಬಹುದಾದ ಅಧ್ಯಾಯ, ಹನ್ನೊಂದರ ಮಗುವಿಗೆ ಬಿಟ್ಟು ಮುಂದೆ ಹೋಗಬಹುದಾದದ್ದು. ಶಾಲೆಗಳಿಗಾಗಿ ಭಾರತನ್ ಕುಮಾರಪ್ಪ ಸಿದ್ಧಪಡಿಸಿದ ಸಂಕ್ಷಿಪ್ತ ಇಂಗ್ಲಿಷ್ ಆವೃತ್ತಿಯೂ ಇದೆ. ಹೈಸ್ಕೂಲಿನವರು ಇಡೀ ಕಥೆಯ ಹರಿವು ಬೇಕೆಂದರೆ ಅದು ಸರಿ, ಚಿಕ್ಕವರಿಗೆ ಮೂಲದ ಮೊದಲ ಭಾಗವೇ ಮೇಲು.

ಓದಿದ ಮೇಲೆ ನೋಡಲು ಜಾಗವೂ ಹತ್ತಿರದಲ್ಲೇ ಇದೆ. ಮುಂಬಯಿಯ ಗಾಮದೇವಿಯ ಮಣಿ ಭವನದಲ್ಲಿ ಗಾಂಧೀಜಿಯ ಬದುಕಿನ ಪ್ರಸಂಗಗಳನ್ನು ಪುಟ್ಟ ಗೊಂಬೆಗಳ ದೃಶ್ಯವಾಗಿ ಜೋಡಿಸಿದ್ದಾರೆ. ತಾನು ಓದಿದ ಪ್ರಸಂಗ ಯಾವುದೆಂದು ಮಗುವೇ ಹುಡುಕಲಿ. ಪುಣೆಯವರಿಗೆ ಆಗಾ ಖಾನ್ ಅರಮನೆ. ಈ ಆತ್ಮಕಥೆಯನ್ನು ಗುಜರಾತಿಯಿಂದ ಇಂಗ್ಲಿಷಿಗೆ ತಂದ ಮಹಾದೇವ ದೇಸಾಯಿ 1942ರ ಆಗಸ್ಟ್ 15ರಂದು ಅಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಅವರ ಸಮಾಧಿ ಅಲ್ಲೇ ಕಸ್ತೂರಬಾ ಸಮಾಧಿಯ ಪಕ್ಕದಲ್ಲಿದೆ. ಪುಸ್ತಕವೊಂದರ ಹಿಂದೆ ಅನುವಾದಕರೆಂಬ ಮನುಷ್ಯರಿರುತ್ತಾರೆ ಎಂಬುದು ಮಕ್ಕಳಿಗೆ ಇಷ್ಟು ನೇರವಾಗಿ ಕಾಣುವ ಜಾಗ ಇನ್ನೊಂದಿಲ್ಲ.

ಕನ್ನಡದಲ್ಲೇ ಹುಟ್ಟಿದವು

ಇಲ್ಲಿ ಆಯ್ಕೆ ವಯಸ್ಸಿನ ಜೊತೆಗೆ ಮನೆಮಾತನ್ನೂ ನೋಡಬೇಕು. ಉಡುಪಿ, ಮಂಗಳೂರು ಕಡೆಯ ಎಷ್ಟೋ ಮುಂಬಯಿ ಮನೆಗಳಲ್ಲಿ ಆಡುವುದು ತುಳು. ಆ ಮಕ್ಕಳಿಗೆ ಕನ್ನಡವೆಂದರೆ ಪುಸ್ತಕದ ಕನ್ನಡ. ಪುಣೆ, ಗೋವೆಯಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಹೆಚ್ಚು; ಆ ಮಕ್ಕಳ ಕಿವಿ ಬೇರೆ.

ಮೊದಲ ಕನ್ನಡ ಆತ್ಮಕಥನವಾಗಿ ಪೂರ್ಣಚಂದ್ರ ತೇಜಸ್ವಿಯವರ "ಅಣ್ಣನ ನೆನಪು" (1996) ಎಲ್ಲ ಕಡೆಯವರಿಗೂ ಹೊಂದುತ್ತದೆ. ತಂದೆ ಕುವೆಂಪು ಮಗನ ಕಣ್ಣಿಗೆ ಹೇಗೆ ಕಂಡರೆಂಬ ಕಥೆ. ವಾಕ್ಯ ಚಿಕ್ಕದು, ಮಾತು ಆಡುಮಾತಿಗೆ ಹತ್ತಿರ, ಪುಟಪುಟಕ್ಕೂ ನಗು. ಹನ್ನೆರಡರಿಂದ ಮೇಲೆ ಕೊಡಬಹುದು. ಹಿಂದಿನ ಕಾಲದ ಚಳವಳಿ, ಸಾಹಿತ್ಯದ ಜಗಳಗಳು ಬರುವ ಅಧ್ಯಾಯಗಳನ್ನು ಮಗು ಹಾರಿಸಿದರೆ ಹಾರಿಸಲಿ. ಅದೇ ಲೇಖಕರ "ಪರಿಸರದ ಕಥೆ" ಇನ್ನೂ ಸುಲಭ. "ಕರ್ವಾಲೊ"ವನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಲೇಖಕರೇ ಪಾತ್ರವಾಗಿ ಬರುವುದರಿಂದ ಎಷ್ಟೋ ಮಕ್ಕಳು ಅದನ್ನು ನಡೆದ ಘಟನೆ ಎಂದುಕೊಂಡು ಹಾರುವ ಓತಿಯನ್ನು ಹುಡುಕುತ್ತಾರೆ, ಅದು ಕಾದಂಬರಿ.

ಕುವೆಂಪು ಅವರದೇ "ನೆನಪಿನ ದೋಣಿಯಲ್ಲಿ" (1980) ಸಾವಿರ ಪುಟ ಮೀರುವ ಗ್ರಂಥ. ಮಗುವಿನ ಕೈಗೆ ಕೊಡಬೇಡಿ, ಕುಪ್ಪಳಿಯ ಬಾಲ್ಯದ ಪುಟಗಳನ್ನು ಆರಿಸಿ ನೀವೇ ಓದಿ ಹೇಳಿ. ಸಂಸ್ಕೃತ ಪದಗಳ ದೀರ್ಘ ವಾಕ್ಯಗಳು ಕಣ್ಣಿಗೆ ಕಷ್ಟ, ಕಿವಿಗೆ ಬಲು ಸೊಗಸು.

ಸಿದ್ಧಲಿಂಗಯ್ಯನವರ "ಊರುಕೇರಿ"ಗೆ ಹದಿಮೂರು ಹದಿನಾಲ್ಕು ಸರಿಯಾದ ವಯಸ್ಸು. ನೊಗಕ್ಕೆ ಇಬ್ಬರು ಮನುಷ್ಯರು ಹೆಗಲು ಕೊಟ್ಟು ಹೊಲ ಉಳುವುದನ್ನು ಹುಡುಗ ನೋಡುತ್ತಾನೆ, ಅವರಲ್ಲೊಬ್ಬರು ತನ್ನ ತಂದೆ. ಇಂಥ ಪುಟದ ಪಕ್ಕದಲ್ಲೇ ಹೊಟ್ಟೆ ಹುಣ್ಣಾಗಿಸುವ ನಗೆಯೂ ಇದೆ. ಬಡತನದ ಪುಸ್ತಕವೆಂದರೆ ಅಳುವ ಪುಸ್ತಕ ಎಂದುಕೊಂಡ ಮಕ್ಕಳಿಗೆ ಇದನ್ನೇ ಕೊಡಬೇಕು. ಅರವಿಂದ ಮಾಲಗತ್ತಿಯವರ "ಗೌರ್ಮೆಂಟ್ ಬ್ರಾಹ್ಮಣ" (1994) ಇದಕ್ಕಿಂತ ಕಟುವಾದದ್ದು, ಹದಿನೈದರ ಮೇಲೆ. ಮುದ್ದೇಬಿಹಾಳದ ಸೀಮೆಯ ಬದುಕಾದ್ದರಿಂದ ವಿಜಯಪುರ ಕಡೆಯ ಮನೆಗಳ ಮಕ್ಕಳು ಆ ಊರು, ಆ ಮಾತನ್ನು ಬೇಗ ಗುರುತಿಸುತ್ತಾರೆ.

ಎಸ್.ಎಲ್. ಭೈರಪ್ಪನವರ "ಭಿತ್ತಿ" ಕಾಲೇಜಿಗೆ ಹೋಗುವವರಿಗೆ. ಪ್ಲೇಗಿನ ಸಾವುಗಳು ಬಹಳ ಭಾರವಾದ ಪುಟಗಳು. ಮುಂಬಯಿಯ ಮಕ್ಕಳಿಗೆ ಅದರಲ್ಲಿ ವಿಶೇಷ ಆಸಕ್ತಿ ಹುಟ್ಟಿಸುವ ಭಾಗ ಅವರು ಮನೆ ಬಿಟ್ಟು ಈ ಊರಿಗೆ ಬಂದು ರೈಲ್ವೆ ಕೂಲಿಯಾಗಿ ದುಡಿದದ್ದು. ಅಷ್ಟನ್ನು ಬೇರ್ಪಡಿಸಿ ಹದಿನಾಲ್ಕರವರಿಗೂ ಓದಿಸಬಹುದು. ಮಾಥೇರಾನ್‌ನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ "ಆಡಾಡತ ಆಯುಷ್ಯ" (2011) ಕೂಡ ಹಾಗೆಯೇ, ಶಿರಸಿಯ ಬಾಲ್ಯದ ಅಧ್ಯಾಯಗಳು ಹೈಸ್ಕೂಲಿಗೆ, ಉಳಿದದ್ದು ದೊಡ್ಡವರಾದ ಮೇಲೆ.

ಓದೇ ಬೇಡವೆನ್ನುವ ಹುಡುಗರಿದ್ದರೆ? ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ "ಕಾಡಿನ ಕಥೆಗಳು" ಹಲವು ಭಾಗಗಳಲ್ಲಿ ಸಿಗುತ್ತವೆ. ಸಾಲುಸಾಲಿನ ಅನುವಾದವಲ್ಲ, ಅದಕ್ಕೇ ಓದು ಓಡುತ್ತದೆ. ಹನ್ನೊಂದರ ಮಗುವೂ ಮುಗಿಸುತ್ತದೆ.

ಎರಡು ಆವೃತ್ತಿ ಇದ್ದಾಗ

ಮಲಾಲಾ ಅವರ "ಐ ಆಮ್ ಮಲಾಲಾ" ಎರಡು ಇವೆ. 2013ರದ್ದು ಪತ್ರಕರ್ತೆ ಕ್ರಿಸ್ಟಿನಾ ಲ್ಯಾಂಬ್ ಜೊತೆ ಬರೆದದ್ದು, ಸ್ವಾತ್ ಕಣಿವೆಯ ರಾಜಕೀಯ ಇತಿಹಾಸ ವಿವರವಾಗಿದೆ. 2014ರದ್ದು ಪ್ಯಾಟ್ರಿಷಿಯಾ ಮೆಕಾರ್ಮಿಕ್ ಜೊತೆ ಬರೆದ ಎಳೆಯರ ಆವೃತ್ತಿ, ಶಾಲೆ, ಗೆಳತಿಯರು, ತಮ್ಮಂದಿರೊಡನೆ ಜಗಳ ಮುಂದೆ ಬರುತ್ತವೆ. ಎರಡರ ಹೆಸರೂ ಒಂದೇ ಆದ್ದರಿಂದ ಆನ್‌ಲೈನಿನಲ್ಲಿ ತರಿಸುವಾಗ ಸಹಲೇಖಕಿಯ ಹೆಸರು ನೋಡಿಯೇ ಆರ್ಡರ್ ಮಾಡಿ. ಹನ್ನೊಂದರಿಂದ ಹದಿಮೂರಕ್ಕೆ ಎರಡನೆಯದು.

ಕಲಾಂ ಅವರ "ವಿಂಗ್ಸ್ ಆಫ್ ಫೈರ್" (1999) ಅರುಣ್ ತಿವಾರಿಯವರ ಜೊತೆ ಬರೆದದ್ದು, ಕನ್ನಡದಲ್ಲೂ ಇದೆ. ರಾಮೇಶ್ವರದ ಬಾಲ್ಯ ಮೊದಲ ಕೆಲವು ಅಧ್ಯಾಯಗಳಲ್ಲೇ ಮುಗಿದು, ಆಮೇಲೆ ರಾಕೆಟ್ ಯೋಜನೆಗಳು, ಸಮಿತಿಗಳು, ಸಂಕ್ಷಿಪ್ತ ಹೆಸರುಗಳು. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದದ್ದು, 1980ರ ಜುಲೈಯಲ್ಲಿ ಗೆದ್ದದ್ದು ರೋಚಕವೇ, ಆದರೆ ಅಲ್ಲಿಯವರೆಗೆ ತಲುಪುವುದು ವಿಜ್ಞಾನದಲ್ಲಿ ಆಸಕ್ತಿಯಿರುವ ಹದಿನಾಲ್ಕು ದಾಟಿದವರು. ಚಿಕ್ಕವರಿಗೆ ಅವರದೇ "ಮೈ ಜರ್ನಿ" (2013): ತೆಳ್ಳಗಿನ ಪುಸ್ತಕ, ತಂದೆಯ ದೋಣಿ, ಪತ್ರಿಕೆ ಹಂಚಿದ ಬೆಳಗುಗಳು, ಒಂದೊಂದು ನೆನಪಿಗೆ ಒಂದೊಂದು ಅಧ್ಯಾಯ.

ನಾಜಿಗಳಿಂದ ತಪ್ಪಿಸಿಕೊಳ್ಳಲು ಮನೆಯವರೊಡನೆ ಅಡಗಿ ಕೂತಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ದಿನಚರಿಯಲ್ಲಿ ಗೊಂದಲ ಹೆಚ್ಚು. ಹದಿಮೂರನೆಯ ಹುಟ್ಟುಹಬ್ಬಕ್ಕೆ, 1942ರ ಜೂನ್ 12ರಂದು, ಸಿಕ್ಕ ಪುಸ್ತಕದಲ್ಲಿ ಆಕೆ ಬರೆಯಲು ತೊಡಗಿದಳು. ಯುದ್ಧಕಾಲದ ದಿನಚರಿಗಳನ್ನು ಜೋಪಾನ ಮಾಡಿ ಎಂಬ ಕರೆಯನ್ನು 1944ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಕೇಳಿ, ಬರೆದದ್ದನ್ನೆಲ್ಲ ತಾನೇ ತಿದ್ದಿ ಮತ್ತೆ ಬರೆಯತೊಡಗಿದಳು. 1947ರಲ್ಲಿ ತಂದೆ ಆಟೊ ಫ್ರಾಂಕ್ ಕೆಲವು ಭಾಗ ಬಿಟ್ಟು ಪ್ರಕಟಿಸಿದರು. ಬಿಟ್ಟ ಭಾಗಗಳನ್ನು ಸೇರಿಸಿದ ವಿಸ್ತೃತ ಆವೃತ್ತಿ 1990ರ ದಶಕದಲ್ಲಿ ಬಂತು. ದೇಹದ ಬೆಳವಣಿಗೆ, ಅಮ್ಮನ ಮೇಲಿನ ಸಿಟ್ಟು ಅದರಲ್ಲಿ ಹೆಚ್ಚು. ಹನ್ನೆರಡಕ್ಕೆ ಹಳೆಯದು, ಹದಿನಾಲ್ಕಕ್ಕೆ ವಿಸ್ತೃತ. ಆರಿ ಫೋಲ್ಮನ್, ಡೇವಿಡ್ ಪೊಲಾನ್ಸ್ಕಿ ಮಾಡಿದ ಚಿತ್ರರೂಪವೂ ಚೆನ್ನಾಗಿದೆ, ಆದರೆ ಹಲವು ದಿನಗಳ ಬರಹವನ್ನು ಒಂದೇ ಪುಟದ ಚಿತ್ರಕ್ಕೆ ಸೇರಿಸಿದ್ದಾರೆ. ದಿನಚರಿ ಓದಿದ ಮೇಲೆ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಯಾವುದನ್ನೇ ಕೊಳ್ಳಿ, ಕೊನೆಯಲ್ಲಿ ಹಿನ್ನುಡಿ ಇದೆಯೇ ನೋಡಿ. ದಿನಚರಿ 1944ರ ಆಗಸ್ಟ್ 1ಕ್ಕೆ ತಟ್ಟನೆ ನಿಲ್ಲುತ್ತದೆ. ಆಗಸ್ಟ್ 4ರ ಬಂಧನ, ಅಡಗಿದ್ದ ಎಂಟು ಜನರಲ್ಲಿ ತಂದೆಯೊಬ್ಬರೇ ಉಳಿದದ್ದು ಹಿನ್ನುಡಿಯಲ್ಲಿ ಮಾತ್ರ ಸಿಗುತ್ತದೆ. ಹಿನ್ನುಡಿ ಇಲ್ಲದ ಪ್ರತಿ ಓದಿದ ಮಗು ಗಲಿಬಿಲಿಗೊಳ್ಳುತ್ತದೆ.

ಯಾವ ಭಾಷೆಯಲ್ಲಿ

ಮೂಲ ಬರೆದ ಭಾಷೆ ಮಗುವಿಗೆ ಬರುತ್ತಿದ್ದರೆ ಅದರಲ್ಲೇ ಓದಲಿ. ಮಹಾರಾಷ್ಟ್ರದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಸಾನೆ ಗುರೂಜಿ 1933ರಲ್ಲಿ ನಾಸಿಕ್ ಜೈಲಿನಲ್ಲಿ ಬರೆದ "ಶ್ಯಾಮಚೀ ಆಯಿ"ಯನ್ನು ಮರಾಠಿಯಲ್ಲೇ ಓದಬಲ್ಲರು. ಶ್ಯಾಮ ಎಂಬ ಹೆಸರಿಟ್ಟು, ರಾತ್ರಿಗೊಂದು ನೆನಪಿನಂತೆ ಕಥೆ ಹೇಳಿಸಿದ್ದರಿಂದ ಅದು ಆತ್ಮಕಥಾತ್ಮಕ ಕಾದಂಬರಿ. ಎಲ್ಲವೂ ಅಕ್ಷರಶಃ ನಡೆದದ್ದೆಂದು ತಿಳಿಯಬೇಕಿಲ್ಲ. ಕಣ್ಣೀರು ಹೆಚ್ಚು. ದಿನಕ್ಕೊಂದು ರಾತ್ರಿಯ ಕಥೆ ಸಾಕು. ಗೋವೆಯ ಮಕ್ಕಳಿಗೆ, ಅದರಲ್ಲೂ ಹದಿನೈದು ದಾಟಿ ಮರಾಠಿ ಚೆನ್ನಾಗಿ ಬರುವವರಿಗೆ, ಅಲ್ಲಿನ ಸಾಂಖವಾಳದಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿಯವರ "ನಿವೇದನ" ಇದೆ. ಬೌದ್ಧಧರ್ಮ ಕಲಿಯುವ ಹಂಬಲದಿಂದ ಮನೆಬಿಟ್ಟು ಪುಣೆ, ಕಾಶಿ, ನೇಪಾಳ, ಸಿಂಹಳ ಅಲೆದ ಕಥೆ. ಇಂಗ್ಲಿಷಿನಲ್ಲೂ ಸಿಗುತ್ತದೆ.

ಮುಂಬಯಿಯದೇ ಹುಡುಗನ ಕಥೆ ಬೇಕೆಂದರೆ ಪಕ್ಷಿತಜ್ಞ ಸಲೀಂ ಅಲಿಯವರ "ದಿ ಫಾಲ್ ಆಫ್ ಎ ಸ್ಪ್ಯಾರೋ" (1985). ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಖೇತವಾಡಿಯಲ್ಲಿ ಮಾವನ ಮನೆಯಲ್ಲಿ ಬೆಳೆದ ಹುಡುಗ, ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತುತ್ತಾನೆ. ಬಾಲ್ಯದ ಅಧ್ಯಾಯಗಳು ಹನ್ನೆರಡಕ್ಕೆ, ಸಮೀಕ್ಷೆ ಪ್ರವಾಸಗಳ ಭಾಗ ಹಕ್ಕಿ ನೋಡುವ ಹುಚ್ಚಿರುವವರಿಗೆ. ಗೋವೆಯ ಚೋಡಣ ದ್ವೀಪದಲ್ಲಿ ಅವರ ಹೆಸರಿನ ಪಕ್ಷಿಧಾಮಕ್ಕೆ ಮಾಂಡವಿ ನದಿ ದಾಟಿ ಹೋಗಬಹುದು.

ಹೊರಗಿನ ಭಾಷೆಯ ಪುಸ್ತಕದ ಕನ್ನಡ ಅನುವಾದವನ್ನು, ಇಂಗ್ಲಿಷ್ ಸರಾಗವಾಗಿ ಓದುವ ಮಗುವಿಗೆ ಬಲವಂತವಾಗಿ ಕೊಡಬೇಡಿ. ಕನ್ನಡ ಓದು ಬೆಳೆಯಲಿ ಎಂಬ ಆಸೆಗೆ ಕನ್ನಡದಲ್ಲೇ ಹುಟ್ಟಿದ ಪುಸ್ತಕ ಹೆಚ್ಚು ನೆರವಾಗುತ್ತದೆ, ಏಕೆಂದರೆ ಅದರಲ್ಲಿರುವುದು ಮಗು ಅಜ್ಜಿಯ ಬಾಯಲ್ಲಿ ಕೇಳಿದ ಮಾತು.

ಕೊಳ್ಳುವ ಮೊದಲು ಎರಡು ನಿಮಿಷದ ಪರೀಕ್ಷೆ

ಪುಸ್ತಕದ ನಡುವಿನ ಯಾವುದಾದರೂ ಪುಟ ತೆಗೆದು ಮಗುವಿನಿಂದ ಎರಡು ನಿಮಿಷ ಗಟ್ಟಿಯಾಗಿ ಓದಿಸಿ. ಮೊದಲ ಪುಟ ಬೇಡ, ಅಲ್ಲಿ ಎಲ್ಲರೂ ಜಾಗ್ರತೆಯಿಂದ ಬರೆದಿರುತ್ತಾರೆ. ಎಲ್ಲಿ ತಡವರಿಸುತ್ತದೆ ಗಮನಿಸಿ. ಒತ್ತಕ್ಷರದ ಹತ್ತಿರ ನಿಂತು, ಬಿಡಿಸಿ ಓದಿದ ಮೇಲೆ "ಓ, ಇದಾ" ಎನ್ನುತ್ತಿದ್ದರೆ ತೊಡಕು ಲಿಪಿಯದು. ಅದೇ ಪುಸ್ತಕದ ದೊಡ್ಡಕ್ಷರದ ಮುದ್ರಣ ಹುಡುಕಿ. ಚಿಕ್ಕ ಅಚ್ಚಿನಲ್ಲಿ ತ-ಒತ್ತು, ನ-ಒತ್ತು, ಮ-ಒತ್ತು ಒಂದೇ ತರಹ ಕಾಣುತ್ತವೆ, 14 ಪಾಯಿಂಟಿಗಿಂತ ಕಡಿಮೆ ಬೇಡ. ದೊಡ್ಡಕ್ಷರದ ಪ್ರತಿ ಸಿಗದಿದ್ದರೆ ಇ-ಪುಸ್ತಕದಲ್ಲಿ ಅಕ್ಷರ ಹಿಗ್ಗಿಸಿಕೊಳ್ಳಬಹುದು. ಮೈಲ್ಯಾಂಗ್‌ನಂಥ ಇ-ಪುಸ್ತಕ ತಾಣಗಳಲ್ಲಿ ಕನ್ನಡದ ಧ್ವನಿಪುಸ್ತಕಗಳೂ ಇವೆ. ಕೇಳುತ್ತಾ ಬೆರಳಿಟ್ಟು ಓದಿದರೆ ಲಿಪಿ ಬೇಗ ಸಡಿಲವಾಗುತ್ತದೆ. ಸರಾಗವಾಗಿ ಓದಿಯೂ "ಅಂದ್ರೆ ಏನು?" ಎಂದು ಸಾಲುಸಾಲಿಗೆ ಕೇಳುತ್ತಿದ್ದರೆ ತೊಡಕು ಅರ್ಥದ್ದು. ಆಗ ಅಕ್ಷರ ದೊಡ್ಡದಾದರೂ ಪ್ರಯೋಜನವಿಲ್ಲ. ಪುಸ್ತಕ ಒಂದೆರಡು ವರ್ಷ ಕಾಯಲಿ.

ತರಗತಿ ನಡೆಸುವವರು ಜೆರಾಕ್ಸ್ ಮಾಡಿ ಹಂಚುವ ಮೊದಲು ಹಕ್ಕು ನೋಡಿಕೊಳ್ಳಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ. ಗಾಂಧೀಜಿಯ ಮೂಲ 2009ರಿಂದ, ಸಾನೆ ಗುರೂಜಿಯವರದು 2011ರಿಂದ ಮುಕ್ತ. ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಮೂಲ ಮುಕ್ತವಾಗಿದೆಯೆಂದು ಹೊಸ ಅನುವಾದವನ್ನು ನಕಲು ಮಾಡುವಂತಿಲ್ಲ.

ಪ್ರತಿಗಳಿಗೆ ಮುಂಬಯಿಯವರು ಮೊದಲು ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಪುಣೆಯವರು ಕನ್ನಡ ಸಂಘದಲ್ಲಿ ವಿಚಾರಿಸಿ. ಹಳೆಯ ಸದಸ್ಯರ ಮನೆಯ ಕಪಾಟುಗಳಲ್ಲಿ ಈಗ ಮುದ್ರಣದಲ್ಲಿಲ್ಲದವೂ ಸಿಗಬಹುದು. ಹೊಸದಕ್ಕೆ ಬೆಂಗಳೂರಿನ ನವಕರ್ನಾಟಕ, ಸಪ್ನಾ ಅಂಚೆಯಲ್ಲಿ ಕಳಿಸುತ್ತವೆ. ಒಂದೊಂದಾಗಿ ತರಿಸಿದರೆ ಅಂಚೆ ವೆಚ್ಚ ಏರುತ್ತದೆ, ನಾಲ್ಕು ಮನೆಯವರು ಸೇರಿ ಒಂದೇ ಕಟ್ಟು ತರಿಸಿ. ಗೋವೆಯವರಿಗೆ ಧಾರವಾಡ ಹತ್ತಿರ, ಕಾರ್ನಾಡರ ಆತ್ಮಕಥೆ ಪ್ರಕಟಿಸಿದ ಮನೋಹರ ಗ್ರಂಥಮಾಲಾ ಅಲ್ಲೇ ಇದೆ. ದಪ್ಪ ಪುಸ್ತಕವಾದರೆ ಬೆನ್ನು ಬರೀ ಅಂಟಿನದೋ ದಾರದ ಹೊಲಿಗೆಯದೋ ನೋಡಿ ತನ್ನಿ. ಕರಾವಳಿಯ ಮಳೆಗಾಲದ ತೇವಕ್ಕೆ ಅಂಟಿನ ಬೆನ್ನು ಸಡಿಲಾಗಿ ಹಾಳೆಗಳು ಕಳಚಿಕೊಳ್ಳುತ್ತವೆ. ಅಂಥದ್ದೇ ಸಿಕ್ಕರೆ ಜೂನ್ ಬರುವ ಮೊದಲು ಬೈಂಡರ್ ಹತ್ತಿರ ಹೊಲಿಸಿಬಿಡಿ.